ಮಂದ್ರಕ್ಕೆ ಮರುಜೀವ

ಸಬ್‌ವೂಫರ್ ಕೆಟ್ಟಿರುವ ಸಂಗತಿ ಮನೆಯವರಿಗೆ ತಡವಾಗಿ ತಿಳಿಯುತ್ತದೆ. ಟಿವಿ ಕೆಟ್ಟರೆ ಪರದೆ ಕಪ್ಪಾಗುತ್ತದೆ, ಮಿಕ್ಸಿ ಕೆಟ್ಟರೆ ಬೆಳಗಿನ ಚಟ್ನಿ ನಿಂತುಹೋಗುತ್ತದೆ. ಸಬ್‌ವೂಫರ್ ಸುಮ್ಮನಾದ ದಿನ ಮಾತ್ರ ಮಾತೂ ಕೇಳುತ್ತದೆ, ಹಾಡೂ ಕೇಳುತ್ತದೆ, ಸಿನಿಮಾ ಕೊನೆಯವರೆಗೂ ಓಡುತ್ತದೆ. ಯಾಕೋ ಸಪ್ಪೆ ಅನ್ನಿಸುತ್ತದೆ, ಅಷ್ಟೇ. ಕೆಜಿಎಫ್ ಚಿತ್ರದ ರವಿ ಬಸ್ರೂರರ ತಾಳವಾದ್ಯಗಳು ಎದೆಗೆ ಬಡಿಯದೆ ಕಿವಿಯ ಬಾಗಿಲಲ್ಲೇ ನಿಂತುಬಿಟ್ಟಾಗ, ಕಛೇರಿಯ ಧ್ವನಿಮುದ್ರಣದಲ್ಲಿ ಮೃದಂಗದ ಬಲಬದಿ ಚೊಕ್ಕವಾಗಿ ಕೇಳಿಯೂ ರವೆಯ ಹಿಟ್ಟು ಮೆತ್ತಿ ತಗ್ಗಿಸಿದ ಎಡಬದಿಯ ಗುಂಕಾರ ಕಾಣೆಯಾದಾಗ, ಯಾರೋ ಒಬ್ಬರು ಎದ್ದು ಹೋಗಿ ಹಾಲ್‌ನ ಮೂಲೆಯ ಕಪ್ಪು ಪೆಟ್ಟಿಗೆಯ ಹಿಂದೆ ಬಗ್ಗಿ ನೋಡುತ್ತಾರೆ. ಹಸಿರು ದೀಪ ಆರಿರುತ್ತದೆ.

ಆ ಪೆಟ್ಟಿಗೆಯ ಪಾಲಿಗೆ ಬಂದಿರುವುದು ಧ್ವನಿಯ ಅತಿ ತಗ್ಗಿನ ಭಾಗ. ಮನುಷ್ಯನ ಕಿವಿ ಹೆಚ್ಚುಕಡಿಮೆ 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಕೇಳಬಲ್ಲದು ಎಂದು ಲೆಕ್ಕ. ಅದರಲ್ಲಿ 20ರಿಂದ 80 ಹರ್ಟ್ಜ್‌ವರೆಗಿನ ಎರಡು ಸ್ಥಾಯಿಗಳು ಸಬ್‌ವೂಫರಿನ ಖಾಸಾ ಜಾಗ. ಪಿಯಾನೋದ ಎಡತುದಿಯ ಮನೆ 27.5 ಹರ್ಟ್ಜ್‌ನಲ್ಲಿ ನುಡಿಯುತ್ತದೆ, ನಾಲ್ಕು ತಂತಿಯ ಬೇಸ್ ಗಿಟಾರಿನ ದಪ್ಪ ತಂತಿ ಸುಮಾರು 41ರಲ್ಲಿ. ಗಾಳಿಯಲ್ಲಿ ಈ ಸ್ವರಗಳ ಅಲೆಗಳು ಬಹಳ ಉದ್ದ: 20 ಹರ್ಟ್ಜ್‌ನ ಒಂದು ಅಲೆ 17 ಮೀಟರ್, 80 ಹರ್ಟ್ಜ್‌ನದು 4.3 ಮೀಟರ್. ಎಂದರೆ ಹದಿನಾಲ್ಕು ಅಡಿ ಉದ್ದದ ಕೋಣೆಯಲ್ಲಿ 80 ಹರ್ಟ್ಜ್‌ನ ಒಂದೇ ಒಂದು ಅಲೆ ಗೋಡೆಯಿಂದ ಗೋಡೆಗೆ ಹಿಡಿಸುತ್ತದೆ. ಇಷ್ಟು ಗಾಳಿಯನ್ನು ಹಿಡಿದು ಅಲುಗಾಡಿಸಲು ಅಗಲವಾದ ಕೋನ್ ಬೇಕು, ಭಾರದ ಮ್ಯಾಗ್ನೆಟ್ ಬೇಕು, ಎಲ್ಲೂ ಗಾಳಿ ಸೋರದ ಗಟ್ಟಿ ಪೆಟ್ಟಿಗೆ ಬೇಕು, ಅದರ ಬೆನ್ನಿಗೆ ಧಾರಾಳ ವಿದ್ಯುತ್ ಬೇಕು. ಟಿವಿಯೊಳಗಿನ ಅಂಗೈಯಷ್ಟೂ ಇಲ್ಲದ ಸ್ಪೀಕರಿಗೆ ಇದು ಎಂದೂ ಸಾಧ್ಯವಿಲ್ಲದ ಕೆಲಸ.

ಮನೆಬಳಕೆಯ ಬಹುಪಾಲು ಸಬ್‌ವೂಫರ್‌ಗಳ ಹಿಂಬದಿಯಲ್ಲಿ ಒಂದು ಅಲ್ಯೂಮಿನಿಯಂ ತಗಡು ಇರುತ್ತದೆ. ವಾಲ್ಯೂಮ್ ತಿರುಗಣೆ, ಕ್ರಾಸ್‌ಓವರ್ ತಿರುಗಣೆ, ಸೊನ್ನೆ ಮತ್ತು 180 ಎಂದು ಬರೆದ ಒಂದು ಸಣ್ಣ ಸ್ವಿಚ್ಚು, ಕರೆಂಟಿನ ವೈರು, ಎಲ್ಲವೂ ಅದರ ಮೇಲೆ. ಸುತ್ತಲಿನ ಸ್ಕ್ರೂಗಳನ್ನು ಬಿಚ್ಚಿ ತಗಡನ್ನು ಎಳೆದರೆ ಅದರ ಒಳಮೈಗೆ ಅಂಟಿಕೊಂಡೇ ಇಡೀ ಆಂಪ್ಲಿಫೈಯರ್ ಹೊರಗೆ ಬರುತ್ತದೆ. ಪೆಟ್ಟಿಗೆಯೊಳಗೆ ಉಳಿಯುವುದು ಹತ್ತಿಯಂಥ ನಾರು, ವೂಫರಿನ ದಪ್ಪ ಮ್ಯಾಗ್ನೆಟ್ ಮತ್ತು ಎರಡು ವೈರು. ಒಂದೇ ವಸ್ತುವೆಂದು ದುಡ್ಡು ಕೊಟ್ಟು ತಂದದ್ದು ಹೀಗೆ ಬಿಚ್ಚಿದಾಗ ಎರಡಾಗಿ ಕಾಣುತ್ತದೆ. ಈ ಎರಡರ ಆಯುಷ್ಯ ಒಂದೇ ಅಲ್ಲ. ರಬ್ಬರಿನ ಅಂಚಿರುವ ವೂಫರ್ ದಶಕಗಳ ಕಾಲ ಬಾಳುತ್ತದೆ. ಅದರ ಬೆನ್ನಿಗೆ ಕಟ್ಟಿದ ಆಂಪ್ ಅದಕ್ಕಿಂತ ಬಹಳ ಮೊದಲೇ ಕೈಕೊಡುತ್ತದೆ.

ಅದಕ್ಕೆ ಕಾರಣ ಅದು ಕುಳಿತಿರುವ ಜಾಗ. ಗಾಳಿಯಾಡದ ಮರದ ಪೆಟ್ಟಿಗೆ, ಒಳಗೆ ಬಿಸಿ ಹಿಡಿದಿಡುವ ನಾರು, ಒಂದು ಗೇಣು ದೂರದಲ್ಲಿ ಇಡೀ ಪೆಟ್ಟಿಗೆಯನ್ನು ನಡುಗಿಸುತ್ತಿರುವ ವೂಫರ್. ಎಲೆಕ್ಟ್ರಾನಿಕ್ ಬೋರ್ಡೊಂದಕ್ಕೆ ಇದಕ್ಕಿಂತ ಕೆಟ್ಟ ವಾಸಸ್ಥಳ ಮನೆಯಲ್ಲಿ ಇನ್ನೊಂದಿಲ್ಲ. ನಡುಕಕ್ಕೆ ಬೆಸುಗೆಗಳು ಬಿರುಕು ಬಿಡುತ್ತವೆ. ದೊಡ್ಡ ಭಾಗಗಳು ಅಲುಗದಿರಲೆಂದು ಕಾರ್ಖಾನೆಯಲ್ಲಿ ಸುರಿದ ಹಳದಿ ಅಂಟು ಬಿಸಿಗೆ ಕಂದಾಗಿ, ಕ್ರಮೇಣ ವಿದ್ಯುತ್ ಹರಿಯಗೊಡುವಂತಾಗಿ, ತಾನು ಕಾಪಾಡಬೇಕಾದ ಭಾಗಗಳ ಕಾಲುಗಳನ್ನೇ ತಿನ್ನತೊಡಗುತ್ತದೆ. ಇದರ ಮೇಲೆ, ಈ ಆಂಪ್‌ಗಳು ಪೂರ್ತಿ ಆಫ್ ಆಗುವುದೇ ಅಪರೂಪ. ಸಿಗ್ನಲ್ ಬಂದೊಡನೆ ತಾವಾಗಿಯೇ ಏಳಲೆಂದು ಹಗಲಿರುಳು ಅರೆನಿದ್ದೆಯಲ್ಲಿ ಇರುತ್ತವೆ.

ಎಲೆಕ್ಟ್ರೋಲಿಟಿಕ್ ಕೆಪ್ಯಾಸಿಟರ್‌ನ ಮಾಹಿತಿಪತ್ರವನ್ನು ಓದಿದರೆ ಈ ಕಥೆ ಅಂಕಿಗಳಲ್ಲೇ ತಿಳಿಯುತ್ತದೆ. ಅಗ್ಗದ ಒಂದು ಕೆಪ್ಯಾಸಿಟರಿನ ಬಾಳಿಕೆ 105 ಡಿಗ್ರಿ ಬಿಸಿಯಲ್ಲಿ 2,000 ಗಂಟೆ ಎಂದಿರುತ್ತದೆ. ಬಿಸಿ ಪ್ರತಿ ಹತ್ತು ಡಿಗ್ರಿ ಇಳಿದಾಗ ಆಯುಷ್ಯ ಎರಡರಷ್ಟಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಹಾಗಾದರೆ 65 ಡಿಗ್ರಿಯಲ್ಲಿ ಅದು 32,000 ಗಂಟೆ ಬಾಳಬೇಕು. ಸದಾ ಚಾಲೂ ಇರುವ ಯಂತ್ರದಲ್ಲಿ ಮೂರೂವರೆ ವರ್ಷಕ್ಕಿಂತ ತುಸು ಹೆಚ್ಚು. ಅದೇ ಕೆಪ್ಯಾಸಿಟರ್ ಗಾಳಿಯಾಡುವ ಕಡೆ 45 ಡಿಗ್ರಿಯಲ್ಲಿದ್ದರೆ 1,28,000 ಗಂಟೆ, ಅಂದರೆ ಹದಿನಾಲ್ಕು ವರ್ಷಕ್ಕೂ ಮೀರಿ. ಭಾಗ ಬದಲಾಗಿಲ್ಲ, ತಯಾರಕರು ಬದಲಾಗಿಲ್ಲ. ಇಟ್ಟ ಜಾಗ ಬದಲಾಯಿತು, ಅಷ್ಟೇ.

ಕೆಡುವ ರೀತಿಯಲ್ಲೂ ವ್ಯತ್ಯಾಸಗಳಿವೆ, ಅವನ್ನು ಕಿವಿಯಿಂದಲೇ ಗುರುತಿಸಬಹುದು. ನಮ್ಮ ದೇಶದ ಕರೆಂಟು 50 ಹರ್ಟ್ಜ್‌ನದು. ಡಿಸಿಯಾಗಿ ಬದಲಾಗುವಾಗ ಅದರ ಏರಿಳಿತ 100 ಹರ್ಟ್ಜ್ ಆಗುತ್ತದೆ. ಅದನ್ನು ಸಮ ಮಾಡಬೇಕಾದ ದೊಡ್ಡ ಕೆಪ್ಯಾಸಿಟರ್‌ಗಳು ಒಣಗಿದರೆ ಆ ಏರಿಳಿತವೇ ಹಮ್ ಎಂಬ ಗುಂಯ್‌ಗಾಟವಾಗಿ ವೂಫರಿನಿಂದ ಹೊರಡುತ್ತದೆ. ವರ್ಷಗಟ್ಟಲೆ ಆಫ್ ಆಗದೆ ನಡೆದ ಪೆಟ್ಟಿಗೆ, ಒಂದು ಮಳೆಯ ಸಂಜೆ ಕರೆಂಟು ಹೋಗಿ ಬಂದ ಮೇಲೆ ಏಳದೇ ಹೋಗುವುದುಂಟು. ಪವರ್ ಸಪ್ಲೈಯನ್ನು ಮೊದಲು ಎಬ್ಬಿಸುವ ಒಂದು ಚಿಕ್ಕ ಕೆಪ್ಯಾಸಿಟರ್ ಬಹಳ ಹಿಂದೆಯೇ ಸೊರಗಿರುತ್ತದೆ, ಓಡುತ್ತಿದ್ದಷ್ಟು ದಿನ ಅದು ಗೊತ್ತಾಗಿರುವುದಿಲ್ಲ. ಎಲ್ಲಕ್ಕಿಂತ ಅಪಾಯದ್ದು ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗುವುದು. ಆಗ ಸಂಗೀತದ ಬದಲು ನೇರ ಡಿಸಿ ವೂಫರಿಗೆ ನುಗ್ಗುತ್ತದೆ, ಕೋನ್ ಒಂದು ಕಡೆಗೆ ಸೆಟೆದು ನಿಲ್ಲುತ್ತದೆ. ಕೂಡಲೇ ಪ್ಲಗ್ ಕೀಳದಿದ್ದರೆ ವಾಯ್ಸ್ ಕಾಯಿಲ್ ಸುಡುತ್ತದೆ.

ಬೆಂಗಳೂರಿನಲ್ಲಾದರೆ ಮುಂದಿನ ಹಾದಿ ಎಸ್.ಪಿ. ರಸ್ತೆಗೆ. ಟೌನ್ ಹಾಲ್ ಕಡೆಯಿಂದ ನಡೆದು ಬಂದರೆ ಸಿಗುವ ಈ ಇಕ್ಕಟ್ಟಿನ ಸಾಲಿನಲ್ಲಿ ರೆಸಿಸ್ಟರಿನಿಂದ ಹಿಡಿದು ಟ್ರಾನ್ಸ್‌ಫಾರ್ಮರ್ ತನಕ ಬಿಡಿಬಿಡಿಯಾಗಿ ದೊರೆಯುತ್ತದೆ. ಬಿಚ್ಚಿದ ತಗಡನ್ನು ಚೀಲದಲ್ಲಿ ಹೊತ್ತು ಬಂದವರಿಗೆ ರಿಪೇರಿ ಅಂಗಡಿಯಲ್ಲಿ ಸಿಗುವ ಉತ್ತರ ಬಹುಮಟ್ಟಿಗೆ ಒಂದೇ ಧಾಟಿಯದು. “ಸಾರ್, ಇದು ಎಸ್‌ಎಂಡಿ ಬೋರ್ಡು. ಸರ್ಕ್ಯೂಟ್ ಡಯಾಗ್ರಾಮ್ ಇಲ್ಲ. ಐಸಿ ಹಾಕಿದ್ರೂ ಗ್ಯಾರಂಟಿ ಕೊಡಕ್ಕಾಗಲ್ಲ.” ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದಾರೆ. ಹಳೆಯ ಆಂಪ್‌ಗಳಲ್ಲಿ ಬೆರಳಿಂದ ಹಿಡಿಯಬಹುದಾಗಿದ್ದ ಭಾಗಗಳು ಈಗ ಎಳ್ಳಿನ ಕಾಳಿನಷ್ಟಾಗಿವೆ, ಬೋರ್ಡಿನ ನಕ್ಷೆ ತಯಾರಕರ ಬೀರುವಿನಿಂದ ಹೊರಗೆ ಬರುವುದಿಲ್ಲ. ಕೇಂದ್ರ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿ, ಅದೇ ವರ್ಷದ ಕೊನೆಗೆ ಒಂದು ಜಾಲತಾಣವನ್ನೂ ತೆರೆಯಿತು. ಆದರೂ ಮೂಲೆಯ ಸಬ್‌ವೂಫರಿನ ನಕ್ಷೆ ಬೀದಿಯ ಮೆಕ್ಯಾನಿಕ್ಕಿನ ಕೈಗೆ ಇನ್ನೂ ತಲುಪಿಲ್ಲ. ತಗಡಿನ ಸಮೇತ ಬರುವ ಬದಲಿ ಪ್ಲೇಟ್ ಆಂಪ್ ತರಿಸಬಹುದಲ್ಲ ಎಂದರೆ, ಡೇಟನ್ ಆಡಿಯೊದಂಥವರು ಬಿಡಿಯಾಗಿ ಮಾರುತ್ತಾರೆ ನಿಜ. ಆದರೆ ಹಳೆಯ ತೂತಿನ ಅಳತೆಗೆ ಹೊಸ ತಗಡು ಸರಿಹೋಗುವುದು ವಿರಳ. ಸರಿಹೋದರೂ ಅದು ಕೂರುವುದು ಮತ್ತೆ ಅದೇ ಬಿಸಿಯ, ಅದೇ ನಡುಕದ ಗೂಡಿನಲ್ಲಿ.

ಹೀಗಿರುವಾಗ ಆಂಪನ್ನು ಪೆಟ್ಟಿಗೆಯಿಂದ ಹೊರಗೇ ಇಟ್ಟರೆ ಏನು ಕಷ್ಟ?

ಹೀಗೆ ಕೇಳಿದೊಡನೆ ಕೆಲವರ ಮುಖದಲ್ಲಿ ಅನುಮಾನ ಮೂಡುತ್ತದೆ, ಏನೋ ತೇಪೆ ಹಚ್ಚುವ ಕೆಲಸವಿರಬೇಕು ಎಂದು. ಆ ಅನುಮಾನಕ್ಕೆ ಇತಿಹಾಸದಲ್ಲಿ ಆಧಾರವಿಲ್ಲ. ಇಂದಿನ ಕೋನ್ ಸ್ಪೀಕರಿನ ಮೂಲರೂಪವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿದ್ದ ರೈಸ್ ಮತ್ತು ಕೆಲಾಗ್ 1925ರಲ್ಲಿ ಪ್ರಕಟಿಸಿದರು. ಮರುವರ್ಷ ಅದು ರೇಡಿಯೋಲಾ 104 ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ ಆಂಪ್ಲಿಫೈಯರ್ ಅದರ ಹೊಟ್ಟೆಯೊಳಗೇ ಇತ್ತು. ಆಗಿನ ರೇಡಿಯೋಗಳಿಗೆ ಅದನ್ನು ನುಡಿಸುವಷ್ಟು ತಾಕತ್ತು ಇರಲಿಲ್ಲವೆಂಬುದೇ ಕಾರಣ. ಮುಂದೆ ಒಳ್ಳೆಯ ಆಂಪ್‌ಗಳು ಬಿಡಿಯಾಗಿ ಬಂದವು, ಸ್ಪೀಕರ್ ಪೆಟ್ಟಿಗೆ ಬರಿಯ ಪೆಟ್ಟಿಗೆಯಾಯಿತು. 1954ರಲ್ಲಿ ಎಡ್ಗರ್ ವಿಲ್ಚರ್ ಮತ್ತು ಹೆನ್ರಿ ಕ್ಲಾಸ್ ತಂದ ಎಆರ್-1, ಮುಚ್ಚಿದ ಸಣ್ಣ ಪೆಟ್ಟಿಗೆಯಿಂದಲೂ ಆಳದ ಸ್ವರ ಹೊರಡಿಸಬಹುದೆಂದು ತೋರಿಸಿತು. ಅದರೊಳಗೆ ಆಂಪ್ ಇರಲಿಲ್ಲ. ಮನೆಗಳಿಗೆ 5.1 ಧ್ವನಿ ಬಂದ ಮೇಲೆ, ಕೊಂಡವರಿಗೆ ಜೋಡಣೆಯ ತಲೆನೋವು ಬೇಡವೆಂದು, ಆಂಪ್ ಮತ್ತೆ ಪೆಟ್ಟಿಗೆಯೊಳಗೆ ಸೇರಿತು.

ಸಿನಿಮಾ ಮಂದಿರಗಳ ಮಾತು ಬೇರೆ. 1974ರಲ್ಲಿ ಹಾಲಿವುಡ್‌ನ ‘ಅರ್ತ್‌ಕ್ವೇಕ್’ ಚಿತ್ರಕ್ಕೆ ಯೂನಿವರ್ಸಲ್ ಸಂಸ್ಥೆ ಸೆನ್‌ಸರೌಂಡ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಸರ್ವಿನ್-ವೇಗಾ ಕಂಪನಿಯ ಭಾರಿ ಪೆಟ್ಟಿಗೆಗಳು ಭೂಕಂಪದ ದೃಶ್ಯದಲ್ಲಿ ಪ್ರೇಕ್ಷಕರ ಕುರ್ಚಿಯನ್ನೇ ನಡುಗಿಸಿದವು. ಲಾಸ್ ಏಂಜಲಿಸ್‌ನ ಚೈನೀಸ್ ಥಿಯೇಟರಿನಲ್ಲಿ ಸೂರಿನ ಗಾರೆ ಉದುರೀತೆಂದು ತಲೆಯ ಮೇಲೆ ಬಲೆ ಕಟ್ಟಿದ್ದರು. ಆ ಕಾಲದಿಂದ ಇಂದಿನ ತನಕ ಚಿತ್ರಮಂದಿರಗಳಲ್ಲಿ ಪರದೆಯ ಹಿಂದೆ ನಿಂತಿರುವ ದೊಡ್ಡ ಸಬ್‌ವೂಫರ್‌ಗಳಿಗೆ ಶಕ್ತಿ ಹರಿಯುವುದು ಬೇರೆಡೆ ಗಾಳಿಯಾಡುವ ರ‍್ಯಾಕ್‌ನಲ್ಲಿ ಕೂತ ಆಂಪ್‌ಗಳಿಂದಲೇ. ಮೈಸೂರಿನ ಮಂದಿರವಿರಲಿ, ಮಂಗಳೂರಿನ ಮಾಲ್ ಇರಲಿ, ಆ ಕ್ರಮವೇ ರೂಢಿ. ಮನೆಯ ಸಬ್‌ವೂಫರಿಗೆ ಹೊರಗಿನ ಆಂಪ್ ಕೊಡುವವರು ಈ ವೃತ್ತಿಪರ ಪದ್ಧತಿಗೆ ಮರಳುತ್ತಿದ್ದಾರೆ.

ಮೊದಲು ತಿಳಿಯಬೇಕಾದದ್ದು ವೂಫರ್ ಬದುಕಿದೆಯೇ ಎಂಬುದು. ಪ್ಲಗ್ ಕಿತ್ತು, ಬಹಳ ಹೊತ್ತು ಬಿಟ್ಟು, ಆಮೇಲೆ ತಗಡನ್ನು ಬಿಚ್ಚಬೇಕು. ಈ ಕಾಯುವಿಕೆಯನ್ನು ಹಗುರವಾಗಿ ನೋಡಬಾರದು. ಸ್ವಿಚ್ ಮೋಡ್ ಪವರ್ ಸಪ್ಲೈ ಇರುವ ಬೋರ್ಡಿನಲ್ಲಿ 230 ವೋಲ್ಟ್ ಎಸಿ, ಡಿಸಿಯಾಗಿ 325 ವೋಲ್ಟ್‌ನಷ್ಟಾಗಿ ದೊಡ್ಡ ಕೆಪ್ಯಾಸಿಟರಿನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ಕೆಟ್ಟ ಬೋರ್ಡಿನಲ್ಲಿ ಅದು ತಾನಾಗಿ ಖಾಲಿಯಾಗುವ ದಾರಿಯೂ ಕೆಟ್ಟಿರಬಹುದು. ಮೀಟರಿನಲ್ಲಿ ಅಳೆದು ನೋಡದೆ ಬೋರ್ಡಿಗೆ ಬೆರಳು ತಾಗಿಸಕೂಡದು. ಕರೆಂಟಿನ ಕೆಲಸ ರೂಢಿಯಿಲ್ಲದವರು ಬಿಚ್ಚುವ ಕೆಲಸವನ್ನು ಬಲ್ಲವರಿಗೆ ಒಪ್ಪಿಸುವುದೇ ಸರಿ. ವೂಫರಿನ ಎರಡು ವೈರುಗಳನ್ನು ಬೋರ್ಡಿನಿಂದ ಪೂರ್ತಿ ಬಿಡಿಸಿದ ಮೇಲೆ ಪರೀಕ್ಷೆ ಸುಲಭ. ಗೋಡೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲನ್ನು ಆ ವೈರುಗಳಿಗೆ ಕ್ಷಣಮಾತ್ರ ತಾಗಿಸಿದರೆ ಕೋನ್ ಟಪ್ಪೆಂದು ಮುಂದಕ್ಕೋ ಹಿಂದಕ್ಕೋ ಜಿಗಿಯುತ್ತದೆ. ಮುಂದಕ್ಕೆ ಜಿಗಿದರೆ ಸೆಲ್ಲಿನ ಪ್ಲಸ್ ತಾಗಿದ ವೈರೇ ವೂಫರಿನ ಪ್ಲಸ್. ಮಲ್ಟಿಮೀಟರ್ ಇಟ್ಟರೆ ನಾಲ್ಕು ಓಮಿನ ವೂಫರ್ ಮೂರು, ಮೂರೂವರೆ ಎಂದು ತೋರಿಸುತ್ತದೆ. ಎಂಟು ಓಮಿನದು ಆರರ ಆಸುಪಾಸು. ಏನೂ ತೋರಿಸದಿದ್ದರೆ ಕಾಯಿಲ್ ಹರಿದಿದೆ. ಕೊನೆಗೆ ಎರಡೂ ಅಂಗೈಗಳಿಂದ ಕೋನನ್ನು ಸಮವಾಗಿ ಮೆಲ್ಲಗೆ ಒತ್ತಿ ಬಿಡಬೇಕು. ಕರಕರ ಸದ್ದು ಬಂದರೆ ಕಾಯಿಲ್ ಸುಟ್ಟು ಉಬ್ಬಿದೆ ಎಂದರ್ಥ. ಬರದಿದ್ದರೆ ಆ ಮನೆಗೆ ಒಳ್ಳೆಯ ದಿನ.

ಕೆಟ್ಟ ತಗಡನ್ನು ಬಿಸಾಡುವ ಅವಸರ ಬೇಡ. ಪೆಟ್ಟಿಗೆಯ ಗಾಳಿಬಿಗಿ ಕಾಯುತ್ತಿರುವುದು ಅದೇ. ಅದರ ಮೇಲಿನ ಬೋರ್ಡನ್ನು ಕಳಚಿ, ತಿರುಗಣೆಗಳ ತೂತುಗಳನ್ನು ಮುಚ್ಚಿ, ಎರಡು ಸ್ಪೀಕರ್ ಟರ್ಮಿನಲ್ ಕೂರಿಸಿ ಮತ್ತೆ ಸ್ಕ್ರೂ ಬಿಗಿದರೆ ಸಾಕು. ಇಲ್ಲವಾದರೆ ಅದೇ ಅಳತೆಗೆ ದಪ್ಪ ಪ್ಲೈವುಡ್ ಕೊಯ್ಯಿಸಿ ಅಂಚಿಗೆ ಫೋಮ್ ಪಟ್ಟಿ ಅಂಟಿಸಬಹುದು. ಎಲ್ಲೋ ಒಂದು ಕಡೆ ಸಣ್ಣ ಸಂದು ಉಳಿದರೂ ಬೇಸ್ ಜೊತೆಗೆ ಪುಸ್ ಪುಸ್ ಎಂಬ ಗಾಳಿಯ ಸದ್ದು ಕೇಳುತ್ತದೆ. ವೂಫರಿನ ಒಂದು ಜೋಡಿ ವೈರು ಹಳೆಯ ಬೋರ್ಡಿಗೂ ಹೊಸ ಆಂಪಿಗೂ ಒಟ್ಟಿಗೆ ತಾಗಿರಬಾರದು. ಒಂದು ಆಂಪಿನ ಔಟ್‌ಪುಟ್ ಇನ್ನೊಂದರ ಔಟ್‌ಪುಟ್ಟಿಗೆ ಸೇರಿದರೆ ಹೊಸದೂ ಹಳೆಯದರ ದಾರಿ ಹಿಡಿಯುತ್ತದೆ.

ಇನ್ನು ಯಾವ ಆಂಪ್? ಅನೇಕ ಮನೆಗಳಲ್ಲಿ ಉತ್ತರ ಅಟ್ಟದ ಮೇಲೇ ಇರುತ್ತದೆ. ಟೇಪ್ ರೆಕಾರ್ಡರ್ ಕಾಲದ ಸ್ಟೀರಿಯೋ ಆಂಪ್, ಸೋನೋಡೈನ್, ಕಾಸ್ಮಿಕ್, ನಾರ್ಜ್ ಎಂದು ಹೆಸರು ಬರೆದದ್ದು, ಬಟ್ಟೆ ಸುತ್ತಿ ಇಟ್ಟದ್ದು. ಎವಿ ರಿಸೀವರಿನ ಸಬ್ ಔಟ್‌ನಿಂದ ಒಂದು ಆರ್‌ಸಿಎ ವೈರನ್ನು ಅದರ ಆಕ್ಸ್ ತೂತಿಗೆ ಎಳೆದು, ಬೇಸ್–ಟ್ರೆಬಲ್ ತಿರುಗಣೆಗಳನ್ನು ನಡುವಿಗೆ ತಂದು, ಒಂದೇ ಚಾನೆಲ್ಲಿನಿಂದ ವೂಫರನ್ನು ನುಡಿಸಬಹುದು. ರಿಸೀವರ್ ಸಾಮಾನ್ಯವಾಗಿ 80 ಹರ್ಟ್ಜ್‌ಗಿಂತ ಮೇಲಿನದನ್ನು ತಾನೇ ಸೋಸಿ ಕಳಿಸುವುದರಿಂದ ಬೇರೆ ಫಿಲ್ಟರಿನ ಅಗತ್ಯವಿಲ್ಲ. ರಿಸೀವರ್ ಇಲ್ಲದೆ ಬರಿಯ ಸ್ಟೀರಿಯೋದಿಂದ ಸಿಗ್ನಲ್ ತರುವವರಿಗೆ ಮಾತ್ರ ನಡುವೆ ಒಂದು ಲೋಪಾಸ್ ಫಿಲ್ಟರ್ ಬೇಕೇ ಬೇಕು. ಇಲ್ಲದಿದ್ದರೆ ಗಾಯಕರ ಕಂಠವೂ ಮೂಲೆಯ ಪೆಟ್ಟಿಗೆಯಿಂದ ಮಬ್ಬಾಗಿ ಬರುತ್ತದೆ. ಹಳೆಯ ಆಂಪಿನ ಹಿಂದೆ ಎಷ್ಟು ಓಮ್ ಎಂದು ಬರೆದಿದೆ ಎಂಬುದನ್ನೂ ಓದಿಕೊಳ್ಳಬೇಕು. ಎಂಟು ಓಮಿಗೆಂದು ಮಾಡಿದ್ದಕ್ಕೆ ನಾಲ್ಕು ಓಮಿನ ವೂಫರ್ ಕಟ್ಟಿದರೆ ಅದು ದುಪ್ಪಟ್ಟು ಕರೆಂಟು ಹರಿಸಬೇಕಾಗುತ್ತದೆ, ಮುಚ್ಚಳದ ಮೇಲೆ ಕೈ ಇಡಲಾಗದಷ್ಟು ಕಾಯುತ್ತದೆ.

ಎಸ್.ಪಿ. ರಸ್ತೆಯದೇ ಇನ್ನೊಂದು ಪರಂಪರೆ ಇದೆ, ಅಸೆಂಬಲ್ ಆಂಪ್. ಜಪಾನಿನ ತೋಷಿಬಾ ಕಂಪನಿ ಹುಟ್ಟುಹಾಕಿದ 5200 ಮತ್ತು 1943 ಎಂಬ ಜೋಡಿ ಟ್ರಾನ್ಸಿಸ್ಟರುಗಳ ಬೋರ್ಡು, ಬಿಸಿ ಹೀರುವ ದಪ್ಪ ಅಲ್ಯೂಮಿನಿಯಂ, ಎಣಿಸಿ ಸುತ್ತಿಸಿದ ಟ್ರಾನ್ಸ್‌ಫಾರ್ಮರ್, ಮುಂದೊಂದು ಸಬ್ ಫಿಲ್ಟರ್ ಬೋರ್ಡು. ಇವನ್ನು ಜೋಡಿಸಿ ಬದುಕು ಕಟ್ಟಿಕೊಂಡವರು ರಾಜ್ಯದ ಊರೂರಲ್ಲೂ ಇದ್ದಾರೆ. ಅವರು ಮಾಡಿಕೊಡುವ ಆಂಪಿಗೆ ಹೊಳೆಯುವ ಮುಖ ಇರಲಿಕ್ಕಿಲ್ಲ. ಆದರೆ ಕೆಟ್ಟರೆ ಅದೇ ಕೈ ಅದೇ ದಿನ ಸರಿಮಾಡಿ ಕೊಡಬಲ್ಲದು, ಭಾಗಗಳು ಎದುರು ಅಂಗಡಿಯಲ್ಲೇ ಸಿಗುತ್ತವೆ. ಇದು ದೊಡ್ಡ ಗುಣ. ನಕಲಿ ಟ್ರಾನ್ಸಿಸ್ಟರುಗಳ ಕಾಟವಿದೆ ಎಂಬುದನ್ನು ಮಾತ್ರ ಆ ಕಸುಬಿನವರೇ ಮೊದಲು ಎಚ್ಚರಿಸುತ್ತಾರೆ. ಇತ್ತೀಚೆಗೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3255ರಂಥ ಕ್ಲಾಸ್ ಡಿ ಚಿಪ್ ಇರುವ ಅಂಗೈಯಗಲದ ಬೋರ್ಡುಗಳೂ ಧಾರಾಳವಾಗಿ ದೊರೆಯುತ್ತಿವೆ. ಹೊರಗಿನ ಒಳ್ಳೆಯ ಪವರ್ ಸಪ್ಲೈ ಕೊಟ್ಟರೆ ಅವು ತಮ್ಮ ಗಾತ್ರವನ್ನು ಮೀರಿ ದುಡಿಯುತ್ತವೆ.

ಮದುವೆ ಮಂಟಪದ ಡಿಜೆಗಳು ಬಳಸುವ ಪ್ರೊ ಆಂಪ್‌ಗಳು ಮೂರನೆಯ ದಾರಿ. ಕ್ರೌನ್‌ನ ಎಕ್ಸ್‌ಎಲ್‌ಎಸ್ ಸರಣಿಯಲ್ಲಿ ಕ್ರಾಸ್‌ಓವರ್ ಒಳಗೇ ಇದೆ. ಬೆಹ್ರಿಂಗರ್‌ನ ಎನ್‌ಎಕ್ಸ್ ಸರಣಿಯಲ್ಲಿ ಹೆಸರಿನ ಕೊನೆಗೆ ಡಿ ಅಕ್ಷರವಿರುವ ಮಾದರಿಗಳಲ್ಲಿ ಫಿಲ್ಟರ್, ಈಕ್ವಲೈಸರ್, ಲಿಮಿಟರ್ ಎಲ್ಲವೂ ಇವೆ. ತಾಕತ್ತು ಬೇಕಾದ್ದಕ್ಕಿಂತ ಹೆಚ್ಚೇ. ಅವುಗಳ ಫ್ಯಾನಿನ ಸದ್ದು ಮಾತ್ರ ನಿಶ್ಶಬ್ದ ದೃಶ್ಯಗಳಲ್ಲಿ ಕಾಡುತ್ತದೆ, ಟಿವಿ ಕಪಾಟಿನ ಹಿಂದೆಯೋ ಪಕ್ಕದ ಕೋಣೆಯಲ್ಲೋ ಇಡುವುದು ವಾಸಿ. ಎರಡು ಚಾನೆಲ್ ಕೂಡಿಸಿ ಬ್ರಿಡ್ಜ್ ಮಾಡುವ ಆಸೆ ಹುಟ್ಟಿದವರು ಒಂದು ಲೆಕ್ಕ ನೆನಪಿಡಬೇಕು: ನಾಲ್ಕು ಓಮಿನ ವೂಫರ್ ಬ್ರಿಡ್ಜ್‌ನಲ್ಲಿ ಪ್ರತಿ ಚಾನೆಲ್ಲಿಗೂ ಎರಡೇ ಓಮ್ ಆಗಿ ಕಾಣುತ್ತದೆ. ಅದನ್ನು ತಾಳುತ್ತೇನೆಂದು ಆಂಪಿನ ಬೆನ್ನಮೇಲೆ ಬರೆದಿಲ್ಲದಿದ್ದರೆ ಆ ಆಸೆ ಬಿಡಬೇಕು. ಶಾಲೆ, ದೇವಸ್ಥಾನಗಳಲ್ಲಿ ಬಳಸುವ 70 ವೋಲ್ಟ್, 100 ವೋಲ್ಟ್ ಲೈನಿನ ಮೈಕ್‌ಸೆಟ್ ಆಂಪ್ ಅಗ್ಗಕ್ಕೆ ಸಿಕ್ಕರೂ ತರಬಾರದು. ಅದು ಮಾತು ಮುಟ್ಟಿಸಲು ಹುಟ್ಟಿದ್ದು, 30 ಹರ್ಟ್ಜ್‌ಗೆ ಅಲ್ಲ.

ವಾಟ್‌ಗಳ ವಿಷಯದಲ್ಲಿ ಜನ ಸುಮ್ಮನೆ ಕಂಗಾಲಾಗುತ್ತಾರೆ. ಹಳೆಯ ತಗಡಿನ ಮೇಲೆ 300 ವಾಟ್ ಎಂದಿತ್ತು, ಅಟ್ಟದ ಆಂಪಿಗೆ ನೂರೇ ಇದೆ, ಇನ್ನು ಮೂರನೇ ಒಂದು ಪಾಲು ಸದ್ದೇ ಗತಿ ಎಂದು ಭಾವಿಸುತ್ತಾರೆ. ಕಿವಿ ಹಾಗೆ ಎಣಿಸುವುದಿಲ್ಲ. ಶಕ್ತಿ ಅರ್ಧವಾದರೆ ಕಳೆಯುವುದು 3 ಡೆಸಿಬೆಲ್. 300ರಿಂದ 100ಕ್ಕೆ ಇಳಿದರೆ ಐದು ಡೆಸಿಬೆಲ್ ಹತ್ತಿರ. ಸದ್ದು ಅರ್ಧವಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿಯಬೇಕು. ಅಪಾರ್ಟ್‌ಮೆಂಟಿನಲ್ಲಿ, ಕೆಳಗಿನ ಮನೆಯ ಮಕ್ಕಳು ಪರೀಕ್ಷೆಗೆ ಓದುತ್ತಿರುವಾಗ, ನೂರು ಒಳ್ಳೆಯ ವಾಟ್‌ಗಳೇ ಬಹಳವಾಯಿತು.

ವಾಟ್‌ಗಿಂತ ಗಂಭೀರವಾದ ಸಂಗತಿ ಬೇರೆ ಇದೆ, ಈ ಕೆಲಸಕ್ಕೆ ಕೈಹಾಕುವವರು ಹೆಚ್ಚಾಗಿ ಮರೆಯುವುದು ಅದನ್ನೇ. ಸತ್ತ ಬೋರ್ಡು ಬರಿಯ ಶಕ್ತಿ ಕೊಡುತ್ತಿರಲಿಲ್ಲ, ವೂಫರನ್ನು ಕಾಯುತ್ತಲೂ ಇತ್ತು. ಕೆಎಲ್‌ಎಚ್ ಕಂಪನಿಯ ಸ್ಥಾಪಕರಲ್ಲೊಬ್ಬರಾದ ಆಂಟನ್ ಹಾಫ್‌ಮನ್, ಹೆಸರಾಂತ ಪಿಯಾನೋ ವಾದಕ ಜೋಸೆಫ್ ಹಾಫ್‌ಮನ್ ಅವರ ಮಗ, ಸ್ಪೀಕರ್ ವಿನ್ಯಾಸದ ಒಂದು ಕಟ್ಟುನಿಟ್ಟಿನ ನಿಯಮವನ್ನು ಬಿಟ್ಟುಹೋಗಿದ್ದಾರೆ. ಸಣ್ಣ ಪೆಟ್ಟಿಗೆ, ಆಳದ ಸ್ವರ, ಕಡಿಮೆ ವಿದ್ಯುತ್ತಿನಲ್ಲಿ ಜೋರು ಸದ್ದು, ಈ ಮೂರರಲ್ಲಿ ಎರಡು ಮಾತ್ರ ದಕ್ಕುತ್ತವೆ. ಬಾಬ್ ಕಾರ್ವರ್ 1990ರ ದಶಕದಲ್ಲಿ ತಂದ ಸನ್‌ಫೈರ್ ಸಬ್‌ವೂಫರ್ ಹನ್ನೊಂದು ಇಂಚಿನ ಘನವಾಗಿತ್ತು, ಅದರೊಳಗಿನ ಆಂಪಿಗೆ 2,700 ವಾಟ್ ಎಂದು ಘೋಷಿಸಿದ್ದರು. ಮೂರನೆಯದನ್ನು ಬಿಟ್ಟುಕೊಟ್ಟು ಮೊದಲೆರಡನ್ನು ಪಡೆದ ಬಗೆ ಅದು. ಅಂಥ ಪುಟ್ಟ ಪೆಟ್ಟಿಗೆಗಳ ಬೋರ್ಡಿನಲ್ಲಿ ತಗ್ಗಿನ ಸ್ವರಗಳನ್ನು ಎತ್ತಿಕೊಡುವ ಈಕ್ವಲೈಸರ್ ಅಡಗಿರುತ್ತದೆ. ಸಾದಾ ಆಂಪ್ ಕೊಟ್ಟಾಗ ಅವು ನುಡಿಯುತ್ತವೆ, ಆದರೆ ತಗ್ಗು ಬಡವಾಗುತ್ತದೆ.

ತೂತಿರುವ, ಎಂದರೆ ಪೋರ್ಟ್ ಇರುವ ಪೆಟ್ಟಿಗೆಗಳಲ್ಲಿ ಅಪಾಯ ಇನ್ನೊಂದು ಬಗೆಯದು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಸಿಡ್ನಿ ವಿಶ್ವವಿದ್ಯಾಲಯದಲ್ಲಿದ್ದ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಬರೆದ ಪ್ರಬಂಧಗಳು ಈ ಪೆಟ್ಟಿಗೆಗಳ ಗಣಿತವನ್ನು ತಿಳಿಯಾಗಿಸಿದವು. ಪೆಟ್ಟಿಗೆಯನ್ನು ಶ್ರುತಿ ಮಾಡಿದ ಸ್ವರದ ಸುತ್ತ ಒಳಗಿನ ಗಾಳಿ ಕೋನನ್ನು ಹಿಡಿದಿಡುತ್ತದೆ, ಅದಕ್ಕಿಂತ ಕೆಳಗೆ ಹೋದಾಗ ಕೈಬಿಡುತ್ತದೆ. ಒಂದು ಸ್ಥಾಯಿ ಕೆಳಗೆ ಅಷ್ಟೇ ಜೋರು ಹೊರಡಬೇಕಾದರೆ ಕೋನ್ ನಾಲ್ಕರಷ್ಟು ಗಾಳಿಯನ್ನು ತಳ್ಳಬೇಕು. ಸಿನಿಮಾದ ಒಂದು ಸ್ಫೋಟದಲ್ಲಿ 15 ಹರ್ಟ್ಜ್‌ನ ಅಲೆ ಬಂತೆನ್ನಿ. ಕಿವಿಗೆ ಏನೂ ಕೇಳದಿದ್ದರೂ ಕೋನ್ ಮಿತಿಮೀರಿ ಓಡಿ ಕಾಯಿಲ್ ತಳಕ್ಕೆ ಬಡಿಯುತ್ತದೆ. ಹಳೆಯ ಬೋರ್ಡು ಆ ಅಲೆಯನ್ನು ಹೊಸ್ತಿಲಲ್ಲೇ ತಡೆಯುತ್ತಿತ್ತು. ಹೊಸ ಆಂಪಿಗೂ ಸಬ್‌ಸೋನಿಕ್ ಫಿಲ್ಟರ್ ಇರಬೇಕು, ಒಳಗೆ ಇಲ್ಲದಿದ್ದರೆ ಅದಕ್ಕಿಂತ ಮುಂಚೆ ಸಿಗ್ನಲ್ಲನ್ನು ಡಿಜಿಟಲ್ ಆಗಿ ಸೋಸುವ ಒಂದು ಡಿಎಸ್‌ಪಿ ಪೆಟ್ಟಿಗೆ ಇಡಬೇಕು. ಈ ಖರ್ಚನ್ನು ಉಳಿಸಲು ಹೋಗಿ ಗಟ್ಟಿಮುಟ್ಟಾದ ವೂಫರನ್ನು ಕಳೆದುಕೊಳ್ಳುವುದು ನಿಜಕ್ಕೂ ಸಂಕಟದ ವಿಷಯ.

ಮೊದಲ ಸಲ ಆನ್ ಮಾಡುವಾಗ ವಾಲ್ಯೂಮ್ ಸೊನ್ನೆಯಲ್ಲಿರಲಿ. ಪರಿಚಿತವಾದ ಒಂದು ಹಾಡು ಹಾಕಿ, ಮಾತು ಮತ್ತು ಮಂದ್ರ ಎರಡೂ ಒಂದೇ ಬಾಯಿಂದ ಬರುತ್ತಿವೆ ಅನ್ನಿಸುವವರೆಗೆ ನಿಧಾನ ಏರಿಸಬೇಕು. ಆಮೇಲೆ ವೂಫರಿನ ಎರಡು ವೈರುಗಳನ್ನು ಅದಲುಬದಲು ಮಾಡಿ, ಅದೇ ಹಾಡನ್ನು ಕೂರುವ ಜಾಗದಲ್ಲೇ ಕೂತು ಕೇಳಬೇಕು. ಯಾವ ಜೋಡಣೆಯಲ್ಲಿ ಬೇಸ್ ತುಂಬಿಕೊಂಡು ಬರುತ್ತದೋ ಅದೇ ಸರಿ. ತಗಡಿನ ಮೇಲಿದ್ದ ಸೊನ್ನೆ–180 ಸ್ವಿಚ್ಚು ಮಾಡುತ್ತಿದ್ದುದೂ ಇದನ್ನೇ. ಹದಿನಾಲ್ಕು ಅಡಿ ಉದ್ದದ ಕೋಣೆಯಲ್ಲಿ 40 ಹರ್ಟ್ಜ್ ಆಸುಪಾಸಿನ ಸ್ವರ ಗೋಡೆಗಳ ನಡುವೆ ನಿಂತುಬಿಡುತ್ತದೆ. ಗೋಡೆಯ ಬಳಿ ಅದು ಉಬ್ಬಿ, ನಟ್ಟನಡುವೆ ಕುಗ್ಗುತ್ತದೆ. ಸೋಫಾವನ್ನು ಒಂದೆರಡು ಅಡಿ ಸರಿಸುವುದರಿಂದ ಸಿಗುವ ಗುಣ, ಆಂಪಿಗೆ ಇನ್ನೂರು ವಾಟ್ ಸೇರಿಸಿದರೂ ಸಿಗಲಾರದು.

ಹೊರಗಿನ ಆಂಪ್ ಬಂದ ಮನೆಗಳಲ್ಲಿ ಹೊಸದಾಗಿ ಹಮ್ ಕಾಣಿಸಿಕೊಳ್ಳಬಹುದು. ರಿಸೀವರಿಗೊಂದು, ಆಂಪಿಗೊಂದು, ಕೇಬಲ್ ಟಿವಿಗೊಂದು ಎಂದು ಬೇರೆಬೇರೆ ಕಡೆಯಿಂದ ಅರ್ತ್ ಸೇರಿದಾಗ 50 ಹರ್ಟ್ಜ್ ಒಳನುಸುಳುತ್ತದೆ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ ಕಿತ್ತುಹಾಕಿ ನೋಡಿ, ನಿಂತುಹೋಗುತ್ತದೆ ಎಂದು ಸಲಹೆ ಕೊಡುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. ಹಮ್ ನಿಲ್ಲುವುದೂ ನಿಜ. ಆದರೆ ಒಳಗೆ ಒಂದು ವೈರು ಸಡಿಲಾಗಿ ಲೋಹದ ಮೈಗೆ ತಾಗಿದ ದಿನ, ಆ ಆಂಪನ್ನು ಮುಟ್ಟಿದವರ ಜೀವಕ್ಕೆ ಅಪಾಯ. ಎಲ್ಲ ಪ್ಲಗ್ಗುಗಳನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ತರುವುದು, ಹೋಗದಿದ್ದರೆ ಸಿಗ್ನಲ್ ವೈರಿನ ನಡುವೆ ಒಂದು ಸಣ್ಣ ಐಸೋಲೇಶನ್ ಟ್ರಾನ್ಸ್‌ಫಾರ್ಮರ್ ಹಾಕುವುದು ಸರಿಯಾದ ಚಿಕಿತ್ಸೆ. ಈ ವಿಷಯದಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಎಲ್ಲ ಪೆಟ್ಟಿಗೆಗಳಿಗೂ ಈ ದಾರಿ ಒಗ್ಗುವುದಿಲ್ಲ. ಸೌಂಡ್‌ಬಾರ್ ಜೊತೆಗೆ ಬರುವ ವೈರ್‌ಲೆಸ್ ಸಬ್‌ವೂಫರಿನಲ್ಲಿ ರೇಡಿಯೋ ಸಿಗ್ನಲ್ ಹಿಡಿಯುವ ಭಾಗವೂ ಸತ್ತ ಬೋರ್ಡಿನ ಮೇಲೇ ಇರುತ್ತದೆ. ಸಾಮಾನ್ಯವಾಗಿ ಬಾರ್‌ನ ಹಿಂದೆ ಸಬ್ ಔಟ್ ತೂತೂ ಇರುವುದಿಲ್ಲ, ಹೊರಗಿನ ಆಂಪಿಗೆ ನುಡಿಸಲು ಏನೂ ಸಿಗುವುದಿಲ್ಲ. ವೆಲೋಡೈನ್‌ನಂಥವರ ಸರ್ವೊ ಮಾದರಿಗಳಲ್ಲಿ ಕೋನಿನ ಓಟವನ್ನು ಅಳೆಯುವ ಒಂದು ಸಂವೇದಕ ಇರುತ್ತದೆ, ಆಂಪ್ ಅದರ ಮಾತು ಕೇಳುತ್ತಲೇ ತಿದ್ದಿಕೊಳ್ಳುತ್ತದೆ. ಎರಡು ದಪ್ಪ ವೈರಿನ ಜೊತೆ ತೆಳ್ಳನೆಯ ವೈರುಗಳೂ ವೂಫರಿನಿಂದ ಬರುತ್ತಿದ್ದರೆ ಅಂಥದ್ದಿರಬಹುದು. ಅಲ್ಲಿಗೇ ನಿಲ್ಲಿಸಿ ಮೂಲ ಬೋರ್ಡಿನ ರಿಪೇರಿಗೇ ಶ್ರಮ ಹಾಕುವುದು ಉಚಿತ. ಇವೆರಡನ್ನೂ ಪುಟ್ಟ ಘನಗಳನ್ನೂ ಬಿಟ್ಟರೆ, ಹತ್ತು, ಹನ್ನೆರಡು ಇಂಚಿನ ಸಾಮಾನ್ಯ ಸಬ್‌ವೂಫರ್‌ಗಳಲ್ಲಿ ಬಹಳಷ್ಟನ್ನು ಹೊರಗಿನ ಆಂಪ್ ಮತ್ತೆ ನುಡಿಸಬಲ್ಲದು.

ಉಳಿದದ್ದು ಕಳಚಿದ ಹಳೆಯ ಬೋರ್ಡು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇಂಥದ್ದು ನೋಂದಾಯಿತ ಮರುಬಳಕೆದಾರರ ಕೈ ಸೇರಬೇಕು. ಬೀದಿಯ ಕಸದ ಗಾಡಿಗೆ ಹಾಕುವಂಥದ್ದಲ್ಲ. ಹಳೆಯ ಕಾಲದ ಪ್ಲೇಟ್ ಆಂಪ್ ಆಗಿದ್ದರೆ, ಕೊಡುವ ಮುಂಚೆ ಒಮ್ಮೆ ತಿರುಗಿಸಿ ನೋಡಬೇಕು. ದುಂಡಗೆ ಸುತ್ತಿದ ಟೊರಾಯಿಡ್ ಟ್ರಾನ್ಸ್‌ಫಾರ್ಮರ್ ಇದ್ದರೆ ಅದು ಹೆಚ್ಚಾಗಿ ಕೆಟ್ಟಿರುವುದಿಲ್ಲ. ಎಷ್ಟು ವೋಲ್ಟ್ ಬರುತ್ತದೆ ಎಂದು ಅಳೆಸಿಕೊಂಡು ಎಸ್.ಪಿ. ರಸ್ತೆಗೆ ಒಯ್ದರೆ, ಅಸೆಂಬಲ್ ಮಾಡುವವರು ಅದರ ಸುತ್ತಲೇ ಹೊಸ ಆಂಪ್ ಕಟ್ಟಿಕೊಡುತ್ತಾರೆ. ತಾಮ್ರದ ಬೆಲೆ ಉಳಿಯುತ್ತದೆ, ಆ ಟ್ರಾನ್ಸ್‌ಫಾರ್ಮರಿಗೆ ಈ ಸಲ ಗಾಳಿಯಾಡುವ ಕ್ಯಾಬಿನೆಟ್ಟೂ ಸಿಗುತ್ತದೆ.